ಒಬ್ಬನಿಗಾಗಿ ಹಡಗನ್ನೇ ಸುಡಬಹುದಾ?

ದೊಡ್ಡ ಮಾವ: (ವಿಡಿಯೋ) ಬಾಹ್ಯಾಕಾಶ ಯಾನದ ಕಥೆ ಸ್ಟಾರ್ ಟ್ರೆಕ್‌ನ ಮೂರನೇ ಸಿನಿಮಾ, 'ದ ಸರ್ಚ್ ಫಾರ್ ಸ್ಪಾಕ್', 1984ರದ್ದು. ಎಂಟರ್‌ಪ್ರೈಸ್ ಬಾಹ್ಯಾಕಾಶ ಹಡಗು ಉರಿದು ಬೀಳುವ ದೃಶ್ಯ. ಎಲ್ಲರೂ ನೋಡಿ. ಆಗ ಕಂಪ್ಯೂಟರ್ ಕೈಚಳಕ ಇಷ್ಟಿರಲಿಲ್ಲ, ಪುಟ್ಟ ಮಾದರಿ ಮಾಡಿ ತೆಗೆದದ್ದು.

ಕಿರಣ: ದೃಶ್ಯ ಚೆನ್ನಾಗಿದೆ ಮಾವ. ಕಥೆ ಮಾತ್ರ ಮೋಸ. 1982ರ ಎರಡನೇ ಭಾಗದಲ್ಲಿ ಹಡಗಿನ ಅಧಿಕಾರಿ ಸ್ಪಾಕ್ ಎಂಜಿನ್ ಕೋಣೆಗೆ ನುಗ್ಗಿ, ವಿಕಿರಣಕ್ಕೆ ಮೈಯೊಡ್ಡಿ, ಎಲ್ಲರನ್ನೂ ಉಳಿಸಿ ಸಾಯುತ್ತಾನೆ. ಎರಡೇ ವರ್ಷಕ್ಕೆ ಎಬ್ಬಿಸಿ ಕೂರಿಸಿದರು. ನಮ್ಮ ಸೀರಿಯಲ್‌ಗಳಲ್ಲಿ ಸತ್ತವರು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು ಬರುವ ಹಾಗೆ. ಆ ಸಾವಿಗೆ ಬೆಲೆ ಎಲ್ಲಿ ಉಳಿಯಿತು?

ದೊಡ್ಡ ಮಾವ: ಪುಕ್ಕಟೆ ಎಬ್ಬಿಸಲಿಲ್ಲ ಕಣೋ. ಹಡಗಿನ ನಾಯಕ, ಅವನ ಗೆಳೆಯ ಕರ್ಕ್ ಅವನಿಗಾಗಿ ಮೇಲಿನವರ ಮಾತು ಮೀರಿ ಹಡಗು ಕದ್ದ. ಮಗ ಡೇವಿಡ್‌ನನ್ನು ಶತ್ರು ಜನಾಂಗದ ಕ್ಲಿಂಗಾನ್‌ಗಳು ಕೊಂದರು. ಕೊನೆಗೆ ಹಡಗನ್ನೂ ಕೈಯಾರೆ ಸಿಡಿಸಿದ. ಹಲವರ ಹಿತ ಒಬ್ಬನಿಗಿಂತ ದೊಡ್ಡದು ಅಂದಿದ್ದ ಸ್ಪಾಕ್. ಕರ್ಕ್ ಆ ಲೆಕ್ಕವನ್ನೇ ತಲೆಕೆಳಗು ಮಾಡುತ್ತಾನೆ.

ಪುಟ್ಟಿ: ಹಡಗು ಕದಿಯೋ ಭಾಗ ಸೂಪರ್ ಮಾವ! ಎಂಜಿನಿಯರ್ ಸ್ಕಾಟಿ ಮೊದಲೇ ಎಕ್ಸೆಲ್ಸಿಯರ್ ಅನ್ನೋ ಇನ್ನೊಂದು ಹಡಗಿನ ಎಂಜಿನ್ನಿನ ಬಿಡಿಭಾಗ ಬಿಚ್ಚಿಕೊಂಡು ಬಂದಿರುತ್ತಾನೆ. ಅಷ್ಟು ಹೊಸ ಹಡಗು, ಅಟ್ಟಿಸಿಕೊಂಡು ಬರಲು ಹೋಗಿ ಕೆಮ್ಮಿ ನಿಂತೇ ಬಿಡುತ್ತದೆ 😂

ಕಿರಣ: ನಿರ್ದೇಶಕರು ಯಾರು ಹೇಳಿ? ಲಿಯೊನಾರ್ಡ್ ನಿಮಾಯ್. ಸ್ಪಾಕ್ ಪಾತ್ರದವರೇ. ತನ್ನನ್ನು ಹುಡುಕಿಸುವ ಸಿನಿಮಾ ತಾನೇ ಮಾಡಿಕೊಂಡರು.

ನಾನು: ಮಾಡಿಕೊಂಡವರು ತಾವೇ ಮೆರೆಯಲಿಲ್ಲವಲ್ಲ. ಅವರು ಸ್ಪಾಕ್ ಆಗಿ ಸರಿಯಾಗಿ ಕಾಣಿಸುವುದು ಕೊನೆಯಲ್ಲಿ. ಸಿನಿಮಾ ಪೂರ್ತಿ ಡಾಕ್ಟರ್ ಮೆಕಾಯ್ ಹೆಗಲ ಮೇಲಿದೆ. ಸಾಯುವ ಮೊದಲು ಸ್ಪಾಕ್ ತನ್ನ ಆತ್ಮವನ್ನು ಅವನ ತಲೆಯೊಳಗೆ ಇಟ್ಟುಹೋಗಿರುತ್ತಾನೆ. ಇಷ್ಟು ವರ್ಷ ಕಿತ್ತಾಡಿದ ಇಬ್ಬರೂ ಈಗ ಒಂದೇ ತಲೆಯಲ್ಲಿ! ಪ್ರಜ್ಞೆ ಇಲ್ಲದೆ ಮಲಗಿರುವ ಸ್ಪಾಕ್ ಪಕ್ಕ ಕೂತು ಡಾಕ್ಟರ್ ಮೆಲ್ಲಗೆ ಮಾತಾಡುತ್ತಾನೆ ನೋಡು. ಎಚ್ಚರ ಇದ್ದಿದ್ದರೆ ಅಷ್ಟೂ ಹೇಳುತ್ತಿರಲಿಲ್ಲ. ನನಗೆ ಆ ದೃಶ್ಯ ಸಾಕು.

ಕಿರಣ: ಒಂದು ದೃಶ್ಯಕ್ಕೆ ಇಡೀ ಸಿನಿಮಾ ಮಾಫಿನಾ ಅಕ್ಕ?

ಚಿಕ್ಕಮ್ಮ: ಇರ್ರೋ. ಡೇವಿಡ್ ತಾಯಿ ಎಲ್ಲಿ? ಹಿಂದಿನದರಲ್ಲಿ ಇದ್ದಳಲ್ಲ, ಕ್ಯಾರಲ್ ಮಾರ್ಕಸ್. ಜೀವವಿಲ್ಲದ ಗ್ರಹಕ್ಕೆ ಜೀವ ತುಂಬುವ ಜೆನೆಸಿಸ್ ಯೋಜನೆ ಅವಳದೇ. ಮಗ ಸಾಯುವ ಸಿನಿಮಾದಲ್ಲಿ ಅವಳು ಒಂದೇ ಒಂದು ದೃಶ್ಯದಲ್ಲೂ ಇಲ್ಲ.

ದೊಡ್ಡ ಮಾವ: ಆ ಹುಡುಗ ಕೆಲಸ ಕೆಡಿಸಿದ್ದ ಕಣಮ್ಮ. ಒಳ್ಳೆ ವಿಜ್ಞಾನಿಗಳು ಮುಟ್ಟದ ಪ್ರೋಟೋಮ್ಯಾಟರ್ ಅನ್ನೋ ಅಪಾಯದ ವಸ್ತು ಬಳಸಿದ್ದ. ಅದಕ್ಕೇ ಜೆನೆಸಿಸ್‌ನಿಂದ ಹುಟ್ಟಿದ ಗ್ರಹ ಒಡೆದು ಹೋಗುವುದು.

ಚಿಕ್ಕಮ್ಮ: ಕೆಡಿಸಿದರೆ ಮಗ ಅಲ್ಲದೆ ಹೋಗ್ತಾನಾ ಅಣ್ಣ? ಕ್ಲಿಂಗಾನ್‌ಗಳು ಅವನ ಜೊತೆಗಿದ್ದ ಅಧಿಕಾರಿ ಸಾವಿಕ್‌ಗೆ ಚಾಕು ಎತ್ತಿದಾಗ ಅಡ್ಡ ಬಿದ್ದು ಸತ್ತವನು ಅವನೇ. ಸ್ಪಾಕ್‌ಗಾದರೆ ಎಲ್ಲರೂ ಸಾಲಾಗಿ ನಿಂತರು, ಬ್ಯಾಗ್‌ಪೈಪ್ ಊದಿದರು. ಇವನಿಗೆ ಏನು ಮಾಡಿದರು?

ದೊಡ್ಡ ಮಾವ: ಕರ್ಕ್ ಸುದ್ದಿ ಕೇಳಿ ಹಿಂದಕ್ಕೆ ಸರಿಯುತ್ತಾನೆ, ಕುರ್ಚಿ ಸಿಗದೆ ನೆಲಕ್ಕೆ ಕುಸಿಯುತ್ತಾನಲ್ಲ. ಅದು ಸಾಲದಾ?

ಚಿಕ್ಕಮ್ಮ: ಅದು ಅಪ್ಪನದಾಯ್ತು. ಅಮ್ಮನದು?

ಕಿರಣ: ನೋಡಿ ಮಾವ, ಚಿಕ್ಕಮ್ಮ ನನ್ನ ಪಕ್ಷ 😎

ಚಿಕ್ಕಮ್ಮ: ಇಲ್ಲಪ್ಪ. ಸ್ಪಾಕ್ ವಾಪಸ್ ಬಂದದ್ದು ಸರಿಯೇ. ಅವನಪ್ಪ ಸಾರೆಕ್ ಕರ್ಕ್ ಮನೆಗೇ ಬಂದು ಮಗನ ಆತ್ಮ ಎಲ್ಲಿ ಅಂತ ಕೇಳಿದ. ಅವನು ಕೇಳಿದ್ದಕ್ಕೆ ಇಷ್ಟು ಜನ ಕೆಲಸ ಬಿಟ್ಟು ಹೊರಟರು. ಇನ್ನೊಬ್ಬ ತಾಯಿಗೆ ಕೇಳೋಕೂ ಜಾಗ ಕೊಡಲಿಲ್ಲ. ನನ್ನ ಜಗಳ ಅಷ್ಟೇ.

ದೊಡ್ಡ ಮಾವ: ಮರೆತಿಲ್ಲ ಕಣೆ. 1991ರ ಆರನೇ ಸಿನಿಮಾದಲ್ಲೂ ಕರ್ಕ್‌ಗೆ ಕ್ಲಿಂಗಾನ್‌ಗಳನ್ನು ಕ್ಷಮಿಸೋಕೆ ಆಗಲ್ಲ, ಮಗನನ್ನು ಕೊಂದರು ಅಂತ.

ಚಿಕ್ಕಮ್ಮ: ಅದರಲ್ಲಿ ಕ್ಯಾರಲ್ ಇದ್ದಾಳಾ?

ದೊಡ್ಡ ಮಾವ: ಇಲ್ಲ.

ಚಿಕ್ಕಮ್ಮ: ಹಾಗಾದರೆ ಭಾನುವಾರ ಎಲ್ಲರೂ ಬಂದಾಗ ಎರಡನೆಯದೇ ಹಾಕು.