ಆಟಿಸಂ ಮಾಡೆಲ್: 10-ಫೋಲ್ಡ್‌ನಲ್ಲಿ 88%, ಹೊಸ ಮಕ್ಕಳ ಮೇಲೆ 55%

ಪ್ರಶ್ನೆ (ಕೋಥ್ರೂಡ್, ಪುಣೆ)
ನಮಸ್ಕಾರ. ಮೆದುಳಿನ ಸ್ಕ್ಯಾನ್ ನೋಡಿ ಆಟಿಸಂ ಗುರುತಿಸುವ ಮಾಡೆಲ್ ಮಾಡುತ್ತಿದ್ದೇನೆ. ಅಬೈಡ್-1ರಲ್ಲಿ (ಹಲವು ಕೇಂದ್ರಗಳ ಸ್ಕ್ಯಾನ್ ಸೇರಿಸಿದ ಸಂಗ್ರಹ) ಕ್ವಾಲಿಟಿ ಚೆಕ್ ದಾಟಿದ 871 ಎಫ್‌ಎಂಆರ್‌ಐ (ಮೆದುಳಿನ ಚಟುವಟಿಕೆಯ) ಸ್ಕ್ಯಾನ್ ತಗೊಂಡು, ಮೆದುಳನ್ನು 200 ಭಾಗ ಮಾಡುವ ಸಿಸಿ200 ಅಟ್ಲಾಸ್‌ನಲ್ಲಿ ಪ್ರತಿ ಜೋಡಿ ಭಾಗಕ್ಕೂ ಪಿಯರ್ಸನ್ ಕೋರಿಲೇಶನ್ (ಎರಡರ ಚಟುವಟಿಕೆ ಎಷ್ಟು ಒಟ್ಟಿಗೆ ಏರಿಳಿಯುತ್ತದೆ ಅನ್ನೋ ಅಂಕಿ) ತೆಗೆದೆ. ಎರಡು ಗುಂಪಿನ ವ್ಯತ್ಯಾಸ ಅಳೆಯುವ ಟಿ-ಟೆಸ್ಟ್‌ನಲ್ಲಿ ಮೇಲೆ ಬಂದ 500 ಎಡ್ಜ್ (ಭಾಗಗಳ ಜೋಡಿ) ಆರಿಸಿ ಲೀನಿಯರ್ ಎಸ್‌ವಿಎಂ ಅನ್ನೋ ವರ್ಗೀಕರಣ ಮಾಡೆಲ್‌ಗೆ ಕೊಟ್ಟರೆ, 10-ಫೋಲ್ಡ್‌ನಲ್ಲಿ (ಡೇಟಾ ಹತ್ತು ಪಾಲು ಮಾಡಿ, ಪ್ರತಿ ಸಲ ಒಂದು ಪಾಲಿನ ಮೇಲೆ ಪರೀಕ್ಷೆ) 88% ಸರಿ. ಇಲ್ಲಿನ ಆಸ್ಪತ್ರೆಯೊಂದರ 40 ಮಕ್ಕಳ ಮೇಲೆ ಓಡಿಸಿದರೆ 55%. ಸ್ಕ್ಯಾನರ್ ಬೇರೆ ಅನ್ನೋದೇ ಕಾರಣವಾ?

ಉತ್ತರ 1 (ಚೆಂಬೂರ್, ಮುಂಬೈ)
ಸ್ಕ್ಯಾನರ್‌ಗಿಂತ ಮೊದಲೇ ತಪ್ಪಾಗಿದೆ. 200 ಭಾಗ ಅಂದರೆ 19,900 ಎಡ್ಜ್, ಜನ ಬರೀ 871. ಎಲ್ಲರನ್ನೂ ಸೇರಿಸಿ ಟಿ-ಟೆಸ್ಟ್ ಮಾಡಿದಾಗಲೇ ಟೆಸ್ಟ್ ಫೋಲ್ಡ್‌ನ ಉತ್ತರ ಒಳಗೆ ಸೋರಿತು. ಲೇಬಲ್‌ಗಳನ್ನು (ಆಟಿಸಂ ಇದೆ/ಇಲ್ಲ ಅನ್ನೋ ಗುರುತು) ಕಲಸಿ, ಎಡ್ಜ್ ಆರಿಸುವ ಹಂತದಿಂದ ಪೂರ್ತಿ ಮತ್ತೆ ಓಡಿಸಿ ನೋಡಿ. ಆಗಲೂ 80ರ ಹತ್ತಿರ ಬಂದರೆ ಸೋರಿಕೆ ಖಚಿತ. 871ರಲ್ಲಿ ಆಟಿಸಂ ಇರುವವರು 403, ಇಲ್ಲದವರು 468. ಎಲ್ಲರಿಗೂ 'ಇಲ್ಲ' ಅಂದರೂ 53.7% ಸಿಗುತ್ತದೆ, ಅಲ್ಲಿಂದ ಅಳೆಯಿರಿ.

ಎಡ್ಜ್ ಆಯ್ಕೆ, ಟ್ಯಾಂಜೆಂಟ್ ವಿಧಾನ (ಪಿಯರ್ಸನ್ ಬದಲಿಗೆ ಬಳಸುವ ಇನ್ನೊಂದು ಅಳತೆ) ಬಳಸಿದರೆ ಅದರ ಸರಾಸರಿ ಮ್ಯಾಟ್ರಿಕ್ಸ್, ಸ್ಕೇಲಿಂಗ್ ಎಲ್ಲವನ್ನೂ ಸೈಕಿಟ್-ಲರ್ನ್ (ಪೈಥಾನ್ ಲೈಬ್ರರಿ) ಪೈಪ್‌ಲೈನ್ ಒಳಗೆ ಹಾಕಿ, ಟ್ರೇನಿಂಗ್ ಭಾಗದಲ್ಲಷ್ಟೇ ಕಲಿಯಲಿ. ಕೇಂದ್ರಗಳ ಸ್ಕ್ಯಾನರ್ ವ್ಯತ್ಯಾಸ ತೆಗೆಯುವ (ಹಾರ್ಮೊನೈಸೇಶನ್) ವಿಧಾನವಾದ ಕಾಂಬ್ಯಾಟ್‌ಗೆ ಡಯಾಗ್ನೋಸಿಸನ್ನು ಕೋವೇರಿಯೇಟ್ (ಉಳಿಸಿಕೊಳ್ಳಬೇಕಾದ ಅಂಶ) ಆಗಿ ಕೊಡಬೇಡಿ, ಅಲ್ಲೂ ಸೋರುತ್ತದೆ. ಪ್ರತಿ ಸಲ ಒಂದು ಕೇಂದ್ರವನ್ನು ಪೂರ್ತಿ ಹೊರಗಿಟ್ಟು ಪರೀಕ್ಷಿಸಿ. 65ರಿಂದ 70% ಬಂದರೆ ಅದು ನಂಬಬಹುದಾದ ಅಂಕಿ.

ಉತ್ತರ 2 (ಮಡಗಾಂವ್, ಗೋವಾ)
ತಲೆ ಅಲುಗಾಟವನ್ನೂ ನೋಡಿ. ಮಗು ಅಲುಗಿದರೆ ಹತ್ತಿರದ ಭಾಗಗಳ ಕೋರಿಲೇಶನ್ ಏರುತ್ತದೆ, ದೂರದ್ದು ಇಳಿಯುತ್ತದೆ. ಮಾಡೆಲ್ ಅದನ್ನೇ ಆಟಿಸಂ ಅಂದುಕೊಳ್ಳುತ್ತದೆ. ಫ್ರೇಮ್‌ವೈಸ್ ಡಿಸ್‌ಪ್ಲೇಸ್‌ಮೆಂಟ್ (ಒಂದು ಫ್ರೇಮ್‌ನಿಂದ ಮುಂದಿನದಕ್ಕೆ ತಲೆ ಅಲುಗಿದ ಪ್ರಮಾಣ) 0.2 ಮಿ.ಮೀ. ದಾಟಿದ ಫ್ರೇಮ್ ತೆಗೆಯಿರಿ. ಉಳಿದದ್ದು 5 ನಿಮಿಷಕ್ಕಿಂತ ಕಡಿಮೆಯಾದರೆ ಆ ಸ್ಕ್ಯಾನ್ ಬಿಡಿ. ಆಮೇಲೆ ಬರೀ ಅಲುಗಾಟದ ಸರಾಸರಿ, ವಯಸ್ಸು, ಲಿಂಗ ಕೊಟ್ಟು ಇನ್ನೊಂದು ಮಾಡೆಲ್ ಮಾಡಿ. ಅದೇ 60% ಕೊಟ್ಟರೆ ನಿಮ್ಮ ಎಡ್ಜ್‌ಗಳು ಹೆಚ್ಚೇನೂ ಹೇಳಿಲ್ಲ.

ಉತ್ತರ 3 (ಔಂಧ್, ಪುಣೆ)
ಆ 40 ಮಕ್ಕಳ ವಯಸ್ಸೆಷ್ಟು? ಅಬೈಡ್-1ರಲ್ಲಿ 6 ವರ್ಷಕ್ಕಿಂತ ಚಿಕ್ಕವರಿಲ್ಲ, ಅವರೆಲ್ಲ ಎಚ್ಚರವಾಗಿದ್ದವರು. ಇಲ್ಲಿ ಆಸ್ಪತ್ರೆಗೆ ಬರುವವರು ಎಷ್ಟೋ ಸಲ 3–4 ವರ್ಷದವರು, ನಿದ್ದೆಯ ಔಷಧಿ ಕೊಟ್ಟೇ ಸ್ಕ್ಯಾನ್ ಮಾಡಿರುತ್ತಾರೆ. ಔಷಧಿಯಿಂದಲೇ ಮೆದುಳಿನ ಭಾಗಗಳ ನಡುವಿನ ಕನೆಕ್ಟಿವಿಟಿ ಬದಲಾಗುತ್ತದೆ, ಅದನ್ನು ಯಾವ ಹಾರ್ಮೊನೈಸೇಶನ್ನೂ ಸರಿಮಾಡದು. ಲೇಬಲ್ ಹೇಗೆ ಬಂತು ಅಂತಲೂ ಕೇಳಿ: 40 ಅಂಶಗಳ ಐಎಸ್‌ಎಎ (ಆಟಿಸಂ ಅಳೆಯುವ ಭಾರತೀಯ ಮಾಪಕ) ಯಾವ ಭಾಷೆಯಲ್ಲಿ ಆಯಿತು? ಮನೆಯಲ್ಲಿ ಕನ್ನಡ, ಹೊರಗೆ ಮರಾಠಿ ಇರುವ ಮಗುವಿನ ಮಾತಿನ ಬಗ್ಗೆ ತಾಯಿಯನ್ನು ಕನ್ನಡದಲ್ಲೇ ಕೇಳಬೇಕು. ದಯವಿಟ್ಟು ಈ ಮಾಡೆಲ್‌ನ ಉತ್ತರವನ್ನು ಯಾವ ಪೋಷಕರಿಗೂ ಹೇಳಬೇಡಿ.

ಪ್ರಶ್ನೆ ಕೇಳಿದವರು
ಲೇಬಲ್ ಕಲಸಿ ಓಡಿಸಿದೆ, 81% ಬಂತು. 40ರಲ್ಲಿ 31 ಮಕ್ಕಳಿಗೆ ಔಷಧಿ ಕೊಟ್ಟಿದ್ದಾರೆ. ಆ ಸ್ಕ್ಯಾನ್‌ಗಳನ್ನು ಬದಿಗಿಟ್ಟು, ಪೈಪ್‌ಲೈನ್ ಮೊದಲಿಂದ ಬರೆಯುತ್ತಿದ್ದೇನೆ.