ಎಲ್ಲ ಕಡೆ ‘ಹ್ಯಾಡ್’ ಹಾಕಿದರೆ ತಪ್ಪೇನು?

ಪ್ರಶ್ನೆ, ಬಾಗಲಕೋಟೆಯಿಂದ:

ನಮಸ್ಕಾರ ಸರ್. ಮಗಳು ಒಂಬತ್ತನೇ ಕ್ಲಾಸು. ಬಾದಾಮಿ ಟ್ರಿಪ್ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಟ ಬರೆದಿದ್ದಾಳೆ. ‘ಲಾಸ್ಟ್ ಸಂಡೇ ವಿ ಹ್ಯಾಡ್ ಗಾನ್ ಟು ಬಾದಾಮಿ. ವಿ ಹ್ಯಾಡ್ ಸೀನ್ ದ ಕೇವ್ಸ್. ವಿ ಹ್ಯಾಡ್ ಈಟನ್ ರೊಟ್ಟಿ ನಿಯರ್ ಅಗಸ್ತ್ಯ ತೀರ್ಥ.’ ಮೂರೂ ‘ಹ್ಯಾಡ್’ ಕೆಳಗೆ ಟೀಚರ್ ಕೆಂಪು ಗೆರೆ ಎಳೆದಿದ್ದಾರೆ. ಹೋಗಿದ್ದು, ನೋಡಿದ್ದು, ತಿಂದಿದ್ದು ಎಲ್ಲಾ ಮುಗಿದ ಕೆಲಸ ಅಲ್ವಾ? ಪಾಸ್ಟ್ ಪರ್ಫೆಕ್ಟ್ ಯಾಕೆ ಬರೋದಿಲ್ಲ?

ಉತ್ತರ, ವಿಜಯಪುರದಿಂದ:

ಅಕ್ಕಾರೇ, ಇದು ನಮ್ಮ ಮಕ್ಕಳೆಲ್ಲಾ ಮಾಡುವ ತಪ್ಪು. ಇದರ ಬೇರು ಕನ್ನಡದಲ್ಲೇ ಇದೆ. ‘ಹೋದ ವಾರ ಬಾದಾಮಿಗೆ ಹೋಗಿದ್ದೆವು’ ಅಂತ ನಾವು ಹೇಳುತ್ತೇವೆ. ಹೋಗಿ ತಿರುಗಿ ಬಂದೆವು ಅನ್ನೋದೂ ಅದರಲ್ಲೇ ಬಂತು. ಆ ‘ಇದ್ದೆವು’ ಇಂಗ್ಲಿಷಿಗೆ ಹೋಗುವಾಗ ‘ಹ್ಯಾಡ್’ ಆಗಿಬಿಡುತ್ತದೆ.

ಆದರೆ ಇಂಗ್ಲಿಷಿನ ‘ಹ್ಯಾಡ್’ಗೆ ಕೆಲಸ ಮುಗಿದಿದ್ದರೆ ಸಾಲದು. ಅದಾದ ಮೇಲೆ ನಡೆದ ಇನ್ನೊಂದು ಹಳೆಯ ಸಂಗತಿ ಬೇಕು. ಮೊದಲು ಆಗಿಹೋದದ್ದಕ್ಕೆ ‘ಹ್ಯಾಡ್’, ಆಮೇಲಿನದಕ್ಕೆ ಸಿಂಪಲ್ ಪಾಸ್ಟ್, ಅಂದರೆ ‘ಹ್ಯಾಡ್’ ಇಲ್ಲದ ‘ವೆಂಟ್’ ಥರದ ರೂಪ.

ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹಿಡಿಯೋಕೆ ಹೊರಟಿದ್ದೀರಿ ಅಂದುಕೊಳ್ಳಿ. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಲೆಫ್ಟ್’ ಅಂದರೆ ನೀವು ಬಂದಿರಿ, ಆಗಲೇ ಗಾಡಿ ಹೊರಟಿತು. ಕೊನೆಯ ಡಬ್ಬಿಯಾದರೂ ಕಣ್ಣಿಗೆ ಬಿತ್ತು. ‘ದ ಟ್ರೇನ್ ಹ್ಯಾಡ್ ಲೆಫ್ಟ್’ ಅಂದರೆ ನೀವು ಬರೋ ಮೊದಲೇ ಹೋಗಿಬಿಟ್ಟಿತ್ತು, ಪ್ಲಾಟ್‌ಫಾರ್ಮ್ ಖಾಲಿ. ಒಂದೇ ಪದದಿಂದ ಇಷ್ಟು ವ್ಯತ್ಯಾಸ ಬರುತ್ತದೆ. ಅದಕ್ಕೇ ಸುಮ್ನೆ ಎಲ್ಲ ಕಡೆ ಹಾಕಬಾರದು.

ಮಗಳು ನಡೆದದ್ದನ್ನು ನಡೆದ ಸಾಲಿನಲ್ಲೇ ಹೇಳಿದ್ದಾಳೆ. ವೆಂಟ್, ಸಾ, ಏಟ್ ಸಾಕು.

ಪ್ರಶ್ನೆ:

ಇದು ತಿಳೀತು ಸರ್. ಆದರೆ ತುಂಬಾ ಹಳೇ ಕಾಲದ್ದಾದರೆ? ‘ಪುಲಕೇಶಿ ಹ್ಯಾಡ್ ಬಿಲ್ಟ್ ದ ಫೋರ್ಟ್ ಇನ್ 543’ ಅಂತಾನೂ ಬರೆದಿದ್ದಾಳೆ.

ಉತ್ತರ:

ಎಷ್ಟು ಹಳೆಯದು ಅನ್ನೋದು ಇಲ್ಲಿ ಲೆಕ್ಕಕ್ಕೇ ಇಲ್ಲ. ಸಾವಿರ ವರ್ಷ ಹಿಂದಿನದಾದರೂ ಒಂದೇ ಸಂಗತಿ ಇದ್ದರೆ ‘ಬಿಲ್ಟ್’ ಅಷ್ಟೇ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದು. ‘ಬೈ 578, ಪುಲಕೇಶಿ ಹ್ಯಾಡ್ ಬಿಲ್ಟ್ ದ ಫೋರ್ಟ್’ ಅಂದರೆ ಸರಿ. ಆಗ 578ರಲ್ಲಿ ನಿಂತು ಇನ್ನೂ ಹಿಂದಕ್ಕೆ ನೋಡಿದಂತಾಯಿತು.

ಆ ಎರಡನೇ ಸಂಗತಿ ಅದೇ ವಾಕ್ಯದಲ್ಲಿ ಇರಬೇಕು ಅಂತಿಲ್ಲ. ಹಿಂದಿನ ವಾಕ್ಯದಲ್ಲಿದ್ದರೂ ನಡೆಯುತ್ತದೆ: ‘ಬೈ ಇಲೆವೆನ್ ವಿ ವರ್ ಹಂಗ್ರಿ. ವಿ ಹ್ಯಾಡ್ ಲೆಫ್ಟ್ ಹೋಮ್ ವಿದೌಟ್ ಬ್ರೇಕ್‌ಫಾಸ್ಟ್.’ ‘ಆಫ್ಟರ್’, ‘ಬಿಫೋರ್’ ಇದ್ದು ಯಾವುದು ಮೊದಲು ಅಂತ ಗೊತ್ತಾಗುತ್ತಿದ್ದರೆ ‘ಹ್ಯಾಡ್’ ಬಿಟ್ಟರೂ ತಪ್ಪಲ್ಲ.

ಮಗಳಿಗೆ ಇಡೀ ಪುಟ ಸಿಂಪಲ್ ಪಾಸ್ಟ್‌ನಲ್ಲಿ ಬರೆಯೋಕೆ ಹೇಳಿ. ನಿಜವಾಗಿ ಹಿಂದಕ್ಕೆ ಹೋಗುವ ಒಂದು ಕಡೆ ಮಾತ್ರ ‘ಹ್ಯಾಡ್’ ಇರಲಿ. ಬರೆದದ್ದು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.