ಪದಚರ್ಚೆ: ಅಲಾಯ್ ವೀಲ್ ತೊಳೆಯುವ ಫಲಕಕ್ಕೆ ಕನ್ನಡದ ಒಕ್ಕಣೆ

ಕಲಬುರಗಿಯಿಂದ, ಪ್ರಶ್ನೆ:

ಬಳಗದವರೆಲ್ಲರಿಗೂ ಶರಣು. ನಮ್ಮ ಭಾವನವರು ಸೇಡಂ ರಸ್ತೆಯಲ್ಲಿ ಕಾರು ತೊಳೆಯುವ ಕೇಂದ್ರವೊಂದನ್ನು ತೆರೆಯುತ್ತಿದ್ದು, ಫಲಕ ಬರೆಯುವವರು ನಾಳೆ ಸಂಜೆಯೊಳಗೆ ಒಕ್ಕಣೆ ಕೊಡಬೇಕೆಂದು ಹೇಳಿದ್ದಾರೆ. ಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮವಂತೂ ಇದೆ. ಅದಕ್ಕಿಂತ ಮುಖ್ಯವಾಗಿ, ಒಳಗಿನ ಗೋಡೆಯ ಸೂಚನೆಗಳನ್ನು ಓದಬೇಕಾದ ಕೆಲಸದ ಹುಡುಗರಿಗೆ ಇಂಗ್ಲಿಷ್ ಬರುವುದಿಲ್ಲ. ಸ್ಪೋರ್ಟ್ಸ್ ಕಾರುಗಳ ಅಲಾಯ್ ವೀಲ್‌ಗೆಂದೇ ಬೇರೆ ವಿಭಾಗವಿರುವುದರಿಂದ ‘ಅಲಾಯ್ ವೀಲ್’, ‘ಬ್ರೇಕ್ ಡಸ್ಟ್’, ‘ಕೋಟಿಂಗ್’ ಎಂಬ ಮೂರಕ್ಕೆ ಪದ ಬೇಕಾಗಿವೆ. ನಾನು ಬರೆದಿಟ್ಟುಕೊಂಡದ್ದು ಹೀಗಿದೆ: ‘ಮಿಶ್ರಲೋಹದ ಚಕ್ರಗಳನ್ನು ಬೆಳಗಿ, ತುಕ್ಕು ಹಿಡಿಯದಂತೆ ಲೇಪನ ಮಾಡಿಕೊಡಲಾಗುವುದು.’ ದಯವಿಟ್ಟು ತಿದ್ದಿಕೊಡಿರಿ.

ಯಾದಗಿರಿಯಿಂದ:

‘ಚಕ್ರ’ ಸಂಸ್ಕೃತ. ‘ಗಾಲಿ’ ಇರುವಾಗ ಅದರ ಹಂಗು ಯಾಕೆ? ಹಳೆಯ ತಮಿಳಿನಲ್ಲಿ ಬಂಡಿಯ ಗಾಲಿಗೆ ‘ಕಾಲ್’ ಎನ್ನುವುದನ್ನು ನೋಡಿದರೆ ಬೇರು ನಮ್ಮದೇ ಎಂಬುದು ತಿಳಿಯುತ್ತದೆ. ‘ಮಿಶ್ರಲೋಹ’ಕ್ಕೆ ‘ಬೆರಕೆ’, ‘ಲೇಪನ’ಕ್ಕೆ ‘ಕಲಾಯಿ’ ಎಂಬ ಅಚ್ಚಗನ್ನಡ ಪದಗಳಿವೆ. ‘ಬೆರಕೆಗಾಲಿಗೆ ಕಲಾಯಿ’ ಎಂದು ಬರೆಸಿರಿ. ಇದರಲ್ಲಿ ಚರ್ಚಿಸುವಂಥದ್ದೇನೂ ಇಲ್ಲ.

ಬೀದರಿನಿಂದ:

ಚರ್ಚಿಸುವಂಥದ್ದು ಇದೆ. ‘ಕಲಾಯಿ’ ಅಚ್ಚಗನ್ನಡವಲ್ಲ, ಅರಬ್ಬಿಯಲ್ಲಿ ತವರಕ್ಕಿರುವ ಹೆಸರಿನಿಂದ ಬಂದ ಮಾತು. ಹಿತ್ತಾಳೆಯ ಪಾತ್ರೆಯನ್ನು ಕಾಯಿಸಿ ಒಳಮೈಗೆ ತವರ ಬಳಿಯುವುದೇ ಕಲಾಯಿ. ಗಾಲಿಗೆ ಹಚ್ಚುವ ಮೇಣಕ್ಕೂ ಸೆರಾಮಿಕ್ ದ್ರವಕ್ಕೂ ಆ ಹೆಸರಿಟ್ಟರೆ ಅರ್ಥವೂ ಕೆಟ್ಟಿತು, ಅಚ್ಚಗನ್ನಡದ ಹಟವೂ ಕೆಟ್ಟಿತು. ‘ಲೇಪ’ ಸಾಕು. ‘ಬೆರಕೆ’ಯಂತೂ ನಮ್ಮ ಸೀಮೆಯಲ್ಲಿ ಕಲಬೆರಕೆಯ ವಾಸನೆ ಹೊಡೆಯುತ್ತದೆ, ಅಷ್ಟು ಬೆಲೆಯ ಗಾಲಿಯ ಒಡೆಯ ಅದನ್ನು ಓದಿ ಒಳಗೆ ಬರುವುದಿಲ್ಲ. ನಮ್ಮೂರಿನ ಬಿದರಿಯೂ ಸತುವಿಗೆ ತುಸು ತಾಮ್ರ ಸೇರಿಸಿದ ಮಿಶ್ರಲೋಹವೇ, ಆದರೆ ಯಾರೂ ಅದನ್ನು ಬೆರಕೆ ಎಂದು ಮಾರುವುದಿಲ್ಲ. ಎಲ್ಲರ ಬಾಯಲ್ಲಿರುವ ‘ಅಲಾಯ್’ ಇರಲಿ. ‘ಗಾಲಿ’ಯನ್ನು ನಾನೂ ಒಪ್ಪುತ್ತೇನೆ.

ಪ್ರಶ್ನೆ ಕೇಳಿದವರ ಒಕ್ಕಣೆಯಲ್ಲಿ ನನಗೆ ಹೆಚ್ಚು ಚುಚ್ಚಿದ್ದು ಕ್ರಿಯಾಪದ. ‘ಬೆಳಗಿ’ ಎಂದರೆ ನಮ್ಮ ಕಡೆಯ ಹುಡುಗ ಭಾಂಡೆ ಬೆಳಗಿದಂತೆ ಬೂದಿ, ನಾರು ಹಿಡಿದು ತಿಕ್ಕಲು ನಿಲ್ಲುತ್ತಾನೆ. ಬಹುತೇಕ ಅಲಾಯ್ ಗಾಲಿಗಳ ಮೇಲೆ ಬಣ್ಣವನ್ನು ಕಾಯುವ ಪಾರದರ್ಶಕ ವಾರ್ನಿಶ್ ಇರುತ್ತದೆ. ಅದು ಗೀರಿದರೆ ಅಲ್ಲಿಂದ ನೀರು, ಉಪ್ಪು ಒಳಗಿಳಿದು ಲೋಹವನ್ನು ತಿನ್ನತೊಡಗುತ್ತವೆ. ‘ತುಕ್ಕು’ ಸಹ ಇಲ್ಲಿ ಸಲ್ಲದು. ಕಬ್ಬಿಣಕ್ಕೆ ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಕಿಲುಬು ಎಂದು ಕನ್ನಡವೇ ಬೇರ್ಪಡಿಸಿ ಇಟ್ಟಿದೆ. ಅಲ್ಯುಮಿನಿಯಂ ಮೇಲೆ ಏಳುವುದು ಬಿಳಿ ಹೊಪ್ಪಳಿಕೆ. ಹಾಗಿದ್ದರೂ ಗಾಲಿಯ ಮೇಲೆ ಕಂದು ಚುಕ್ಕೆ ಕಾಣುವುದು ಏಕೆಂದರೆ, ಬ್ರೇಕಿನ ಎರಕದ ಕಬ್ಬಿಣದ ಡಿಸ್ಕ್ ಮತ್ತು ಪ್ಯಾಡ್ ಸವೆದು ಹಾರುವ ಬಿಸಿ ಕಣಗಳು ವಾರ್ನಿಶ್‌ನಲ್ಲಿ ಕಚ್ಚಿಕೊಂಡು, ಅಲ್ಲಿಯೇ ತುಕ್ಕು ಹಿಡಿಯುತ್ತವೆ. ಸ್ಪೋರ್ಟ್ಸ್ ಕಾರುಗಳ ದೊಡ್ಡ ಬ್ರೇಕು, ಗಡಸು ಹಿಡಿತದ ಪ್ಯಾಡುಗಳಿಂದ ಇದು ಇನ್ನೂ ಹೆಚ್ಚು. ಆದ್ದರಿಂದ ‘ಬ್ರೇಕ್ ಧೂಳು’ ಎನ್ನಬೇಡಿರಿ. ಧೂಳೆಂದರೆ ಒಣಬಟ್ಟೆಯಿಂದ ಒರೆಸಿಬಿಡುತ್ತಾರೆ, ಗೀರು ಬೀಳುತ್ತದೆ. ‘ಬ್ರೇಕಿನ ಕಬ್ಬಿಣಪುಡಿ’ ಎಂದರೆ ಮೊದಲು ನೀರು ಬಿಡಬೇಕೆಂಬುದು ತಾನಾಗಿ ತಿಳಿಯುತ್ತದೆ.

ಕಲಬುರಗಿಯಿಂದ, ಇನ್ನೊಬ್ಬರು:

ರಸಾಯನಶಾಸ್ತ್ರ ಕಲಿಸಿದವನಾಗಿ ಒಂದು ಮಾತು. ‘ಗಾಲಿ ತೊಳೆಯುವ ಆ್ಯಸಿಡ್’ ಎಂಬ ಪದವನ್ನು ಗೋಡೆಯ ಮೇಲೆ ಬರೆಯಲೇಬೇಡಿರಿ. ಕೆಲಸದವರು ಬಚ್ಚಲಿನ ಆ್ಯಸಿಡ್ ಡಬ್ಬಿಯನ್ನೇ ತರುತ್ತಾರೆ. ಅದು ಬಿದ್ದಲ್ಲಿ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ನೊರೆಯುಕ್ಕುವುದನ್ನು ಇಲ್ಲಿ ಯಾರು ನೋಡಿಲ್ಲ? ಅಲ್ಯುಮಿನಿಯಂ ಅನ್ನು ಆಮ್ಲವೂ ತಿನ್ನುತ್ತದೆ, ಕ್ಷಾರವೂ ತಿನ್ನುತ್ತದೆ. ‘ತಟಸ್ಥ ದ್ರಾವಣ’ (ಆಮ್ಲವೂ ಅಲ್ಲದ, ಕ್ಷಾರವೂ ಅಲ್ಲದ ದ್ರಾವಣ) ಎಂಬುದು ಪಠ್ಯಪುಸ್ತಕದ ಮಾತಾದರೂ ಸರಿಯಾದ ಮಾತು. ಕಬ್ಬಿಣಪುಡಿ ಕರಗಿಸಲು ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಇರುವ ದ್ರಾವಣ ಬಳಸುವುದಾದರೆ, ಅದು ಕಬ್ಬಿಣ ತಗುಲಿದ ಕಡೆ ನೇರಳೆಯಾಗಿ ಹರಿಯುತ್ತದೆ ಎಂದು ಬರೆದಿಡಿರಿ. ಇಲ್ಲವಾದರೆ ಗಾಲಿಯ ಬಣ್ಣವೇ ಬಿಟ್ಟಿತೆಂದು ಗಿರಾಕಿ ಜಗಳಕ್ಕೆ ಬರುತ್ತಾನೆ. ಅದು ಗಾಲಿಯ ಮೇಲೆ ಒಣಗಲೂ ಬಾರದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ನೆರಳಿನಲ್ಲಿಯೇ ಈ ಕೆಲಸ ಆಗಬೇಕು. ಬೋರ್‌ವೆಲ್ ನೀರಿನ ಬಿಳಿ ಕಲೆ ಉಳಿಯದಂತೆ ಕೊನೆಗೆ ಮೆತ್ತನೆಯ ಬಟ್ಟೆಯಿಂದ ಒರೆಸಿದ ಮೇಲೆಯೇ ಲೇಪ. ‘ಗಾಲಿ ಆರಿದ ಮೇಲೆ ತೊಳೆಯಿರಿ’ ಎಂದೂ ಬರೆಯಬೇಡಿರಿ. ಬಿಸಿ ಆರಿದರೂ ‘ಆರು’, ಒದ್ದೆ ಆರಿದರೂ ‘ಆರು’. ‘ತಣ್ಣಗಾದ ಮೇಲೆ’ ಎನ್ನಿರಿ.

‘ಗಾಲಿ’ ಎಂದರೆ ಉರ್ದುವಿನಲ್ಲಿ ಬೈಗುಳ ಎಂಬುದನ್ನೂ ಯಾದಗಿರಿಯವರ ಗಮನಕ್ಕೆ ತರುತ್ತೇನೆ. ನಮ್ಮ ಬಜಾರಿನಲ್ಲಿ ಒಂದೆರಡು ದಿನ ನಗೆಯಾದೀತು.

ಯಾದಗಿರಿಯಿಂದ:

ಉರ್ದುವಿನಲ್ಲಿ ಏನಾದರೂ ಆಗಲಿ, ಫಲಕ ಕನ್ನಡದ್ದು. ‘ಕಲಾಯಿ’ಯನ್ನು ಕೈಬಿಟ್ಟಿದ್ದೇನೆ. ಆದರೆ ಅರಬ್ಬಿಯನ್ನು ಹೊರಗಟ್ಟಿದವರು ಇಂಗ್ಲಿಷಿನ ‘ಅಲಾಯ್’ಗೆ ಮಣೆ ಹಾಕುವುದು ಯಾವ ನ್ಯಾಯ?

ಬೀದರಿನಿಂದ:

ಅರಬ್ಬಿ ಎಂಬ ಕಾರಣಕ್ಕೆ ನಾನು ಅದನ್ನು ಹೊರಗಟ್ಟಲಿಲ್ಲ, ತವರ ಎಂಬ ಕಾರಣಕ್ಕೆ. ಮೇಲೆ ಓದಿರಿ.

ಕಲಬುರಗಿಯಿಂದ, ಪ್ರಶ್ನೆ ಕೇಳಿದವರು:

ಎಲ್ಲರಿಗೂ ವಂದನೆಗಳು. ಹೊರಫಲಕಕ್ಕೆ ‘ಅಲಾಯ್ ಗಾಲಿಗಳನ್ನು ತೊಳೆದು, ಬ್ರೇಕಿನ ಕಬ್ಬಿಣಪುಡಿ ತೆಗೆದು, ರಕ್ಷಣೆಯ ಲೇಪ ಹಚ್ಚಿಕೊಡಲಾಗುವುದು’ ಎಂದು ಕಳುಹಿಸಿದ್ದೇನೆ. ಒಳಗಿನ ಗೋಡೆಗೆ: ‘ಗಾಲಿ ತಣ್ಣಗಾದ ಮೇಲೆ ಮೊದಲು ನೀರು ಬಿಡಿರಿ. ಒಣಬಟ್ಟೆಯಿಂದ ಉಜ್ಜಬೇಡಿರಿ. ಆ್ಯಸಿಡ್ ಬಳಸಬೇಡಿರಿ. ಗಾಲಿಯ ಬ್ರಶ್ಶನ್ನು ಕಾರಿನ ಮೈಗೆ ತಾಗಿಸಬೇಡಿರಿ.’

ಯಾದಗಿರಿಯಿಂದ:

‘ಅಲಾಯ್’ ಬಗ್ಗೆ ನನ್ನ ಆಕ್ಷೇಪ ಹಾಗೆಯೇ ಇದೆ. ‘ರಕ್ಷಣೆಯ ಲೇಪ’ದ ಬದಲು ‘ಕಾಪಿನ ಲೇಪ’ ಎನ್ನಬಹುದಿತ್ತು.